ಬೀಗರ ಹುಲಿ, ನನ್ನ ಕುರಿ, ಹಾಲೆಂಡಿನ ಯಂತ್ರ

ಬ್ಯಾಡಗಿ

ಹಾಲೆಂಡಿಗೆ ಹೋಗಿ ಬಂದವರೆಲ್ಲ ಹೂವಿನ ತೋಟದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದು ಬಹುಪಾಲು ನಮ್ಮ ಬೀಗರ ಬೆನ್ನು. ಅವರು ಮುಂದೆ, ನಾನು ಹಿಂದೆ, ನಡುವೆ ಒಂದು ಎತ್ತಿನಗಾಡಿ ಹಾಯುವಷ್ಟು ಜಾಗ. ಹೀಗೆ ಪರದೇಶ ತಿರುಗಿದ ಮೇಲೆ ಯಾವ ಕಾಲುವೆ ಎಲ್ಲಿತ್ತು ಎಂಬುದು ನನಗೆ ನೆನಪಿಲ್ಲ. ಬೀಗರ ಕೋಟಿನ ಹಿಂದಿನ ಹೊಲಿಗೆ ಎಲ್ಲಿ ಬಿಚ್ಚಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಬೀಗರೆಂದರೆ ಮೇಡ್ಲೇರಿಯ ಚನ್ನಬಸಪ್ಪನವರು. ನನ್ನ ಮಗಳು ಗಿರಿಜಾಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಅವರದು ಹೊಳೆಯ ದಂಡೆಯ ನೀರಾವರಿ ಹೊಲ, ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಲಗ್ನವಾದಾಗಿನಿಂದಲೂ ನಾವಿಬ್ಬರು ಸೇರಿದರೆ ಹುಲಿ-ಕುರಿ ಆಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗೆರೆ ಎಳೆದ ಹಲಗೆ, ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸುತ್ತ ನಿಂತು ಹುಲಿ ಅಲ್ಲಾಡದಂತೆ ಕಟ್ಟಬೇಕು. ಬೀಗರು ಯಾವಾಗಲೂ ಹುಲಿ, ನಾನು ಯಾವಾಗಲೂ ಕುರಿ. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಮನುಷ್ಯ, ಹಲಗೆಯ ಮುಂದೆ ಕುಳಿತರೆ ಮಾತ್ರ ಕುರಿ ತಿನ್ನುವುದರಲ್ಲಿ ಎತ್ತಿದ ಕೈ.

ಬೀಗರ ನಡುವಿನ ಆಟಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಸೋಲು ಬಂತೆಂದು ತಿಳಿದವನು ಹಲಗೆಯಿಂದ ಕೈ ಹಿಂದೆ ತೆಗೆದುಕೊಂಡು “ಸಾಕು ಮಾಡೂಣ್ರಿ” ಅನ್ನುತ್ತಾನೆ. ಗೆದ್ದವನು “ಹೌದ್ರಿ, ಹೊತ್ತಾತು” ಅನ್ನುತ್ತಾನೆ. ಅಷ್ಟೇ. ಸೋತೆ ಎಂದು ಒಬ್ಬ ಹೇಳುವುದಿಲ್ಲ, ಸೋತಿರಿ ಎಂದು ಇನ್ನೊಬ್ಬ ಆಡುವುದಿಲ್ಲ. ಹೆಣ್ಣು ಕೊಟ್ಟವರು, ತಂದವರು ಎಂದಮೇಲೆ ಅಂಥ ಮಾತು ಹಲಗೆಯ ಮೇಲಷ್ಟೇ ನಿಲ್ಲುವುದಿಲ್ಲ, ಅಡುಗೆ ಮನೆಯವರೆಗೂ ಹೋಗುತ್ತದೆ.

ಎರಡು ವರ್ಷದ ಹಿಂದೆ ಮೊಮ್ಮಗನ ಜವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ. ಮೇಡ್ಲೇರಿಯ ಮನೆ ತುಂಬ ಜನ. ಊಟದ ಮೇಲೆ ಪಡಸಾಲೆಯಲ್ಲಿ ಆಟಕ್ಕೆ ಕುಳಿತೆವು, ಸುತ್ತ ಎರಡೂ ಕಡೆಯ ನೆಂಟರು. ಅವತ್ತು ನನ್ನ ಕುರಿಗಳ ಗ್ರಹಚಾರ ಕೆಟ್ಟಿತ್ತು. ನಾನು ಕೈ ಹಿಂದೆ ತೆಗೆದೆ, ಬಾಯಿ ತೆರೆಯುವಷ್ಟರಲ್ಲಿ ಬೀಗರು ತೊಡೆ ತಟ್ಟಿ, ಎಲ್ಲರಿಗೂ ಕೇಳುವ ಹಾಗೆ, “ಸೋತ್ರಿ ನೋಡ್ರಿ ಬೀಗರ” ಅಂದುಬಿಟ್ಟರು. ಪಡಸಾಲೆ ನಕ್ಕಿತು. ನಮ್ಮ ಕಡೆಯವರೂ ನಕ್ಕರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಆ ಮನೆಗೆ ಹೋಗಲಿಲ್ಲ. ನನ್ನ ಸಿಟ್ಟು ಊರಿಗೇ ಗೊತ್ತು, ಅದನ್ನು ಮುಚ್ಚಿಡುವಂಥದ್ದೇನಿಲ್ಲ. ಲಗ್ನ ಮುಂಜಿಯಲ್ಲಿ ಎದುರಾದರೆ “ಶರಣ್ರಿ” ಅನ್ನುತ್ತಿದ್ದೆ, ಅಷ್ಟೇ.

ನಡುವೆ ಸಿಕ್ಕಿಕೊಂಡವಳು ಗಿರಿಜಾ. ನಾವಿಬ್ಬರು ಆಡುವ ಹಳೆಯ ವಿಡಿಯೊ ಒಂದನ್ನು ಅವಳು ಎಂದೋ ಇಂಟರ್ನೆಟ್ಟಿಗೆ ಹಾಕಿದ್ದಳಂತೆ. ಅದನ್ನು ನೋಡಿ ಹಾಲೆಂಡಿನ ಹೆಣ್ಣುಮಗಳೊಬ್ಬಳು ಬರೆದಿದ್ದಳು. ಅವಳು ಹಳೆಯ ಆಟಗಳನ್ನು ಕೂಡಿಸುವವಳು. ಅವಳ ಕಡೆಯವರು ಒಂದು ಯಂತ್ರ ಮಾಡಿದ್ದಾರೆ. ಯಾವ ಆಟದ ನಿಯಮ ಹೇಳಿಕೊಟ್ಟರೂ ಅದು ತನ್ನೊಂದಿಗೆ ತಾನೇ ಲೆಕ್ಕವಿಲ್ಲದಷ್ಟು ಸಲ ಆಡಿ ಕಲಿಯುತ್ತದೆ. ಬೇರೆ ಬೇರೆ ದೇಶಗಳ ಪಳಗಿದ ಆಟಗಾರರನ್ನು ಅದರ ಮುಂದೆ ಕೂರಿಸುತ್ತಿದ್ದಾರೆ. ಹುಲಿಗೊಬ್ಬರು, ಕುರಿಗೊಬ್ಬರು ಬೇಕು, ಇಬ್ಬರೂ ಬಂದರಷ್ಟೇ ಸರಿ ಎಂದಿದ್ದಳು.

ನಾನು ಆಗುವುದಿಲ್ಲ ಎಂದೆ. ಗಿರಿಜಾ ಅಂಗಡಿಗೇ ಬಂದು ಗಾದಿಯ ಮೇಲೆ ಕುಳಿತಳು. “ಅಪ್ಪಾ, ನೀ ನಮ್ಮ ಮನಿ ಹೊಸ್ತಿಲ ತುಳದು ಎರಡು ವರ್ಷಾತು. ನಿನ್ನ ಮೊಮ್ಮಗ ನಿನ್ನನ್ನ ಫೋನಿನ್ಯಾಗ ಅಷ್ಟ ನೋಡ್ಯಾನ. ನಾ ಯಾರ ಕಡೆ ಮಾತಾಡ್ಲಿ, ಹೇಳು,” ಅಂದಳು. ಅವಳು ಅಳಲಿಲ್ಲ, ಅತ್ತಿದ್ದರೆ ಬೈದು ಕಳಿಸುತ್ತಿದ್ದೆ. ಸರಿ, ಹೋಗುತ್ತೇನೆ ಎಂದೆ. ಅವಳು ತನ್ನ ಮಾತಿಗೆ ನಾನು ಕರಗಿದೆ ಎಂದುಕೊಂಡಳು. ನನ್ನ ಲೆಕ್ಕ ಬೇರೆ ಇತ್ತು. ಯಂತ್ರ ಬೀಗರನ್ನು ಸೋಲಿಸುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಆಗಿದ್ದಾಗಲಿ.

ವಿಮಾನ

ನಮ್ಮಿಬ್ಬರಿಗೂ ಅಕ್ಕಪಕ್ಕದ ಕುರ್ಚಿ ಕೊಟ್ಟಿದ್ದರು. ಬೀಗರಿಗೆ ಇಂಗ್ಲಿಷ್ ಬಾರದು, ನನ್ನದು ಬಿ.ಕಾಂ. ಇಂಗ್ಲಿಷ್. ಊಟದ ತಟ್ಟೆ ಬಂದಾಗ ಅವರಿಗೆ ನನ್ನನ್ನು ಕೇಳದೆ ಗತಿಯಿಲ್ಲ, ಕೇಳಲು ಮನಸ್ಸಿಲ್ಲ. ಮುಂದಿನ ಕುರ್ಚಿಯ ಬೆನ್ನಿಗೆ ಹೇಳಿದರು: “ಇದರಾಗ ತತ್ತಿ ಐತೇನು, ಯಾರರೆ ಕೇಳಿ ಹೇಳಿದ್ರ ಛಲೋ ಆಕ್ಕಿತ್ತು.” ನಾನು ಗಗನಸಖಿಯನ್ನು ಕೇಳಿ, ಬಂದ ಉತ್ತರವನ್ನು ನನ್ನ ಮುಂದಿನ ಕುರ್ಚಿಗೆ ತಿಳಿಸಿದೆ. ಪಾಪ, ಆ ಕುರ್ಚಿಯಲ್ಲಿದ್ದ ದೊಡ್ಡ ಮನುಷ್ಯ ಎರಡು ಸಲ ಹಿಂತಿರುಗಿ ನೋಡಿದ.

ಇಳಿದ ಮೇಲೆ ಸುಂಕದವರು ಬೀಗರ ಚೀಲ ಬಿಚ್ಚಿಸಿದರು. ಒಳಗೆ ಹಾವೇರಿಯಲ್ಲಿ ಮಾಡಿಸಿದ ಏಲಕ್ಕಿ ಹಾರ. ಅಧಿಕಾರಿ ಅದನ್ನು ಮೂಸಿ ನೋಡಿ, ತಿನ್ನುವುದೇ ಎಂದು ಕೇಳಿದ. ಅಲ್ಲ, ಕೊರಳಿಗೆ ಹಾಕುವುದು ಎಂದೆ. ಯಾರ ಕೊರಳಿಗೆ? ಬೀಗರನ್ನು ಕೇಳಿದರೆ “ಆಡೂ ಯಂತ್ರಕ್ಕ” ಅಂದರು. ನಾನು ಹಾಗೆಯೇ ಇಂಗ್ಲಿಷಿಗೆ ಇಳಿಸಿದೆ. ಅಧಿಕಾರಿ ನಮ್ಮಿಬ್ಬರ ಮುಖ ನೋಡಿ, ಹಾರ ಮಡಿಚಿಟ್ಟು, ಹೋಗಿ ಎಂದು ಕೈ ಮಾಡಿದ. ಎದುರಾಳಿಯನ್ನು ಸನ್ಮಾನ ಮಾಡಿ ಆಟಕ್ಕೆ ಕೂರುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಕಾಲುವೆಯ ಊರು

ಕರೆಸಿದ ಹೆಣ್ಣುಮಗಳ ಹೆಸರು ಮರೈಕೆ. ಎತ್ತರದ ಹುಡುಗಿ, ಸೈಕಲ್ಲಿನ ಮೇಲೆ ಬಂದು ನಮ್ಮನ್ನು ಎದುರುಗೊಂಡಳು. ಅಲ್ಲಿ ಮಂತ್ರಿಯಿಂದ ಹಿಡಿದು ಮಾಸ್ತರರವರೆಗೆ ಎಲ್ಲರೂ ಸೈಕಲ್ಲೇ. ನಮ್ಮಲ್ಲಿ ಸೈಕಲ್ ಮೇಲೆ ಮದುವೆಗೆ ಹೋದರೆ ಯಾಕೆ, ಗಾಡಿ ಮಾರಿದ್ರಾ ಎಂದು ಕೇಳುತ್ತಾರೆ.

ನಾವು ಇಳಿದುಕೊಂಡ ಮನೆಯ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು. ಹತ್ತುವಾಗ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಇಳಿಯುವಾಗ ಹಿಂದುಮುಂದಾಗಿ ಇಳಿಯಬೇಕು. ಮಂಚ ಕಪಾಟು ಹೇಗೆ ಮೇಲೆ ತರುತ್ತಾರೆ ಎಂದು ನಾನು ಯೋಚಿಸುತ್ತಿದ್ದರೆ, ಬೀಗರು ಬೀದಿಯಲ್ಲಿ ನಿಂತು ಪ್ರತಿ ಮನೆಯ ನೆತ್ತಿಯಲ್ಲೂ ಇದ್ದ ಕಬ್ಬಿಣದ ಕೊಂಡಿಯನ್ನು ನೋಡುತ್ತಿದ್ದರು. ಹಗ್ಗ ಹಾಕಿ ಕಿಟಕಿಯಿಂದ ಎಳೆದುಕೊಳ್ಳುತ್ತಾರಂತೆ. ಆ ಊರಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಊಟ ಮಾಡುವುದು, ಮಕ್ಕಳನ್ನು ಆಡಿಸುವುದು ಎಲ್ಲ ಬೀದಿಗೆ ಕಾಣುತ್ತದೆ. ಮಂದಿಯ ಮನೆಯೊಳಗೆ ಕಣ್ಣು ಹಾಯಿಸಬಾರದೆಂದು ಬೀಗರು ಕಾಲುವೆಯ ನೀರನ್ನೇ ನೋಡುತ್ತ ನಡೆದು ಒಂದು ಸೈಕಲ್ಲಿಗೆ ಢಿಕ್ಕಿ ಹೊಡೆದರು. ಸೈಕಲ್ಲಿನ ಹೆಂಗಸು ಇಳಿದು, ನೀವು ದಾರಿ ನೋಡಿ ನಡೆಯಲಿಲ್ಲ, ತಪ್ಪು ನಿಮ್ಮದು ಎಂದು ನೆಟ್ಟಗೆ ಹೇಳಿ ಹೋದಳು. ಬೈಗುಳವಿಲ್ಲ, ನಗುವೂ ಇಲ್ಲ.

ಮರುದಿನ ಮರೈಕೆ ತನ್ನ ಮನೆಗೆ ಊಟಕ್ಕೆ ಕರೆದಳು. ಬ್ರೆಡ್ಡು, ಚೀಸು, ಒಂದು ಸೂಪು. ಇನ್ನಷ್ಟು ಹಾಕಲೇ ಎಂದಳು. ಪದ್ಧತಿಯಂತೆ ನಾನು ಬೇಡ ಎಂದೆ, ಬೀಗರು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು. ನಮ್ಮಲ್ಲಾದರೆ ಕೈ ಸರಿಸಿ ಬಡಿಸುವುದಕ್ಕೆ ಅಲ್ಲಿಂದ ಶುರು. ಅವಳು ಸರಿ ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅರೆಹೊಟ್ಟೆಯಲ್ಲಿ ನಾವಿಬ್ಬರೂ ಖಾಲಿ ಮೇಜು ನೋಡಿದೆವು. ಎರಡು ವರ್ಷದಲ್ಲಿ ಮೊದಲ ಸಲ ಬೀಗರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಗು ಬಂದಿತ್ತು, ಇಬ್ಬರೂ ನುಂಗಿಕೊಂಡೆವು. ಆ ದಿನ ನುಂಗಿದ್ದು ಅದೊಂದೇ.

ಸಭಾಂಗಣ, ಮೊದಲ ದಿನ

ಯಂತ್ರವೆಂದರೆ ನಾನು ಮನುಷ್ಯಾಕಾರದ್ದು ಏನೋ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಮೇಜಿಗೆ ಬಿಗಿದ ಒಂದು ಬಿಳಿ ತೋಳು, ಮೇಲೊಂದು ಕ್ಯಾಮೆರಾ, ಪಕ್ಕದಲ್ಲಿ ಧ್ವನಿಯ ಡಬ್ಬಿ. ನಮಗಾಗಿ ಅದಕ್ಕೆ ಕನ್ನಡ ಕಲಿಸಿದ್ದರು. ರೇಡಿಯೊದಲ್ಲಿ ವಾರ್ತೆ ಓದುವವರ ಕನ್ನಡ. ಬೀಗರು ತಮ್ಮ ಏಲಕ್ಕಿ ಹಾರವನ್ನು ಆ ತೋಳಿಗೆ ಹಾಕಿದರು. ತೋಳು ಅಲ್ಲಾಡಿದರೆ ಹಾರ ಹಲಗೆಯ ಮೇಲೆ ಬೀಳುತ್ತದೆಂದು ಒಬ್ಬ ಇಂಜಿನಿಯರ್ ಅದನ್ನು ತೆಗೆದು ಮರೈಕೆಯ ಕೊರಳಿಗೆ ಹಾಕಿದ. ಅವಳು ಸಂಜೆಯವರೆಗೂ ಹಾಕಿಕೊಂಡೇ ಓಡಾಡಿದಳು.

ಮೊದಲು ಬೀಗರ ಆಟ. ಹುಲಿ ಅವರದು, ಕುರಿ ಯಂತ್ರದ್ದು. ಶುರುವಿನಲ್ಲೇ ಒಂದು ಎಡವಟ್ಟಾಯಿತು. ನಮ್ಮ ಕಡೆ ಕಲ್ಲು ಸರಿಸಿ, ಅದರ ಮೇಲೆ ಬೆರಳಿಟ್ಟುಕೊಂಡು ಯೋಚನೆ ಮಾಡುತ್ತೇವೆ. ಬೆರಳು ಎತ್ತಿದ ಮೇಲೆಯೇ ನಡೆ. ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಕಲ್ಲು ನಿಂತ ಕೂಡಲೇ ಅದು ತನ್ನ ಕುರಿ ಇಡಲು ತೋಳು ಚಾಚಿತು, ಬೀಗರ ಬೆರಳಿಗೆ ತಾಗಿ ಗಕ್ಕನೆ ನಿಂತಿತು. ಮರೈಕೆ ಓಡಿಬಂದು, ನಡೆ ವಾಪಸು ತೆಗೆದುಕೊಳ್ಳಬಹುದು ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಬೀಗರು ಬೇಡ, ಇರಲಿ ಎಂದು ಕೈಯಾಡಿಸಿ ಆಟ ಮುಂದುವರಿಸಿದರು.

ಯಂತ್ರ ಆಡಿದ ರೀತಿ ನಾನು ಕಂಡದ್ದಲ್ಲ. ನಾನು ಕುರಿಗಳನ್ನು ಅಂಚಿನಿಂದ ಕಟ್ಟುತ್ತ ಬರುತ್ತೇನೆ. ಅದು ಎರಡು ಕುರಿಗಳನ್ನು ಬೇಕೆಂದೇ ಹುಲಿಯ ಬಾಯಿಗೆ ಕೊಟ್ಟಿತು. ಬೀಗರು ತಿಂದರು. ತಿಂದು ಹೋದ ಹುಲಿ ಅಲ್ಲೇ ಮೂಲೆಯಲ್ಲಿ ಸಿಕ್ಕಿತು. ಎರಡನೆಯದು ಸಿಕ್ಕಿತು. ಮೂರನೆಯದಕ್ಕೂ ದಾರಿ ಇಲ್ಲವೆಂದು ಕಂಡಾಗ ಬೀಗರು ಕೈ ಹಿಂದೆ ತೆಗೆದು, ತಣ್ಣಗೆ, “ಸಾಕು ಮಾಡೂಣ್ರಿ,” ಅಂದರು.

“ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ. ನೀವು ಸೋಲನ್ನು ಒಪ್ಪಿಕೊಳ್ಳುತ್ತೀರಾ?”

ಬೀಗರು ಮತ್ತೆ ಅದನ್ನೇ ಹೇಳಿದರು. ಯಂತ್ರ ಮತ್ತೆ ಅದನ್ನೇ ಕೇಳಿತು. ಮೂರನೆಯ ಸಲ ಬೀಗರು ಏನೂ ಹೇಳಲಿಲ್ಲ. ಸಮಯ ಮುಗಿದು ಗಂಟೆ ಬಡಿಯಿತು. “ನೀವು ಸೋತಿದ್ದೀರಿ. ಆಟಕ್ಕಾಗಿ ಧನ್ಯವಾದಗಳು.” ಜನ ಚಪ್ಪಾಳೆ ತಟ್ಟಿದರು. ಬೀಗರು ಎದ್ದು ಟೊಪ್ಪಿಗೆ ಸರಿಮಾಡಿಕೊಂಡು, ಆ ಬಿಳಿ ತೋಳಿಗೆ ಕೈ ಮುಗಿದರು.

ಇದನ್ನು ನೋಡಲೆಂದೇ ನಾನು ಸಮುದ್ರ ದಾಟಿದ್ದು. ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ನಾಲ್ಕು ಮಂದಿಯ ಮುಂದೆ ಹಿರಿಯ ಮನುಷ್ಯನಿಗೆ ಹೀಗನ್ನುತ್ತಾರೆಯೇ? ನೆಟ್ಟಗೆ ಮರೈಕೆಯ ಬಳಿ ಹೋಗಿ, ನಿಮ್ಮ ಯಂತ್ರಕ್ಕೆ ಮಾತು ಕಲಿಸಿದ್ದೀರಿ, ಮರ್ಯಾದೆ ಕಲಿಸಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವರು ಸೋತದ್ದು ನಿಜವಲ್ಲವೇ ಎಂದಳು. ನಿಜ, ಆದರೆ ಹೇಳುವ ಹಾಗಿಲ್ಲ ಎಂದೆ. ಸೋತವರಿಗೆ ಸೋತಿರಿ ಎಂದು ಹೇಳದೆ ಇರುವುದು ಅವರನ್ನು ಚಿಕ್ಕ ಮಗುವಿನಂತೆ ಕಂಡ ಹಾಗೆ, ನಮ್ಮಲ್ಲಿ ಅದೇ ಅವಮಾನ ಎಂದಳು. ಅವಳ ಮಾತಿನಲ್ಲೂ ಹುರುಳಿತ್ತು, ಆದರೆ ಆಗ ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಮ್ಮಲ್ಲಿ ಸೋತವನು ಏನು ಹೇಳುತ್ತಾನೆ, ಗೆದ್ದವನು ಏನು ಹೇಳುತ್ತಾನೆ ಎಂದು ಬಿಡಿಸಿ ಹೇಳಿದೆ. ಅವಳು ಎರಡೆರಡು ಸಲ ಹೇಳಿಸಿ ಬರೆದುಕೊಂಡಳು.

ಮಧ್ಯಾಹ್ನ ನನ್ನ ಆಟ. ಬೀಗರಿಗಿಂತ ಬೇಗ ಸೋತೆ. ನನಗೂ ಅದು “ನೀವು ಸೋತಿದ್ದೀರಿ” ಅಂದಿತು. ವಿಚಿತ್ರವೆಂದರೆ ಏನೂ ಅನ್ನಿಸಲಿಲ್ಲ. ಅದರ ಮನೆಗೇನು ನಾನು ಹೆಣ್ಣು ಕೊಟ್ಟಿಲ್ಲವಲ್ಲ.

ಸಭಾಂಗಣ, ಎರಡನೆಯ ದಿನ

ಮರುದಿನ ನಾನು, ಬೀಗರು ಎದುರುಬದುರು. ಯಂತ್ರ ಆಡುವುದಿಲ್ಲ, ನೋಡುತ್ತದೆ. ಪ್ರತಿ ನಡೆಯ ಮೇಲೆ ಯಾರು ಗೆಲ್ಲುತ್ತಾರೆಂದು ಗೋಡೆಯ ದೊಡ್ಡ ಪರದೆಯ ಮೇಲೆ ತೋರಿಸುತ್ತದೆ. ಒಂದು ಉದ್ದನೆಯ ಪಟ್ಟಿ, ಕೆಂಪು ಹುಲಿಗೆ, ಬಿಳಿ ಕುರಿಗೆ. ಕೆಂಪು ಬೆಳೆದರೆ ಹುಲಿಗೆ ಗೆಲುವು ಹತ್ತಿರ. ಆಟಗಾರರು ನೋಡಬಾರದೆಂದು ಪರದೆಯನ್ನು ಬೀಗರ ಬೆನ್ನ ಹಿಂದೆ ಇಟ್ಟು, ನನಗೆ ತಲೆ ಎತ್ತಬೇಡಿ ಎಂದಿದ್ದರು. ಇದೆಲ್ಲ ಫೋನುಗಳಲ್ಲಿ ನೇರ ಬರುತ್ತದೆಂದು ಗಿರಿಜಾಳಿಗೆ ತಿಳಿಸಿದ್ದೆವು. ಮೇಡ್ಲೇರಿಯ ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದಾರೆ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಅದೇ ಪಡಸಾಲೆ, ಬಹುಶಃ ಅದೇ ನೆಂಟರು.

ಗೆದ್ದರೆ ಏನು ಹೇಳಬೇಕೆಂದು ನಾನು ವಿಮಾನದಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಅವರ ಮಾತನ್ನೇ, ಅವರ ಧಾಟಿಯಲ್ಲೇ, ತೊಡೆ ತಟ್ಟಿ. ಇಬ್ಬರ ಕೋಟಿನ ಗುಂಡಿಗೂ ಮೈಕು ಬೇರೆ ಸಿಕ್ಕಿಸಿದ್ದರು.

ಕುಳಿತು ಆಡಿದೆವು. ಎರಡು ವರ್ಷ ಬಿಟ್ಟಿದ್ದರೂ ಅವರ ಕೈ ನನಗೆ ಗೊತ್ತು, ನನ್ನ ಕೈ ಅವರಿಗೆ ಗೊತ್ತು. ಎಲ್ಲಿ ಮೋಸ ಮಾಡುತ್ತಾರೆ, ಎಲ್ಲಿ ದುಡುಕುತ್ತಾರೆ ಎಲ್ಲ. ಯಂತ್ರದ ಹಿಂದಿನ ದಿನದ ಆಟ ನನ್ನ ತಲೆಯಲ್ಲಿತ್ತು. ನಾನೂ ಒಂದು ಕುರಿಯನ್ನು ಬಾಯಿಗೆ ಕೊಟ್ಟೆ. ಹುಲಿ ಹಾರಿ ತಿಂದು, ಮೂಲೆಗೆ ಸಿಕ್ಕಿತು. ಬೀಗರು “ಓಹೋ” ಅಂದರು. ಸ್ವಲ್ಪ ಹೊತ್ತಿಗೆ ಎರಡನೆಯದೂ ಕಟ್ಟಾಯಿತು. ಜನರ ಗುಸುಗುಸು ಕೇಳಿಸಿತು. ಪಟ್ಟಿಯಲ್ಲಿ ಬಿಳಿ ಏರಿರಬೇಕು.

ಮೂರನೆಯ ಹುಲಿ ಒಂದೇ ಉಳಿದಿತ್ತು. ಬೀಗರು ಅದನ್ನು ಸರಿಸಿ, ಬೆರಳು ಎತ್ತದೆ ಯೋಚನೆ ಮಾಡುತ್ತಿದ್ದರು. ಎಲ್ಲಿಟ್ಟರೂ ನನ್ನ ಮುಂದಿನ ಕುರಿಗೆ ಆಟ ಮುಗಿಯುತ್ತದೆ. ನನಗೆ ಕಂಡಿತ್ತು, ಅವರಿಗಿನ್ನೂ ಕಂಡಿರಲಿಲ್ಲ. ಅವರ ಹಿಂದೆ ಪರದೆ ಅದನ್ನೇ ಊರಿಗೆಲ್ಲ ತೋರಿಸುತ್ತಿದೆ. ಹಾಲೆಂಡಿನವರಿಗೆ ಗೊತ್ತು, ಮೇಡ್ಲೇರಿಯ ಪಡಸಾಲೆಗೆ ಗೊತ್ತು, ತಾವು ಸೋತದ್ದು ಗೊತ್ತಿಲ್ಲದವರು ಅಲ್ಲಿ ಬೀಗರೊಬ್ಬರೇ. ಎದುರು ಕುಳಿತ ಜನರ ಮುಖವನ್ನು ಅವರು ಒಮ್ಮೆ ನೋಡಿದರು, ಏನೂ ತಿಳಿಯದೆ ಮತ್ತೆ ಹಲಗೆಗೆ ಬಗ್ಗಿದರು. ಗಿರಿಜಾ ಆ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾಳೆ ಅನ್ನಿಸಿತು. ನಾನು ಗೆದ್ದರೂ ತಗ್ಗಿಸುವವಳು ಅವಳೇ, ಸೋತರೂ ಅವಳೇ.

ಬಾಯಿ ತೆರೆದೆ. “ಸಾಕು ಮಾಡೂಣ್ರಿ ಬೀಗರ,” ಅಂದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಒಂದಿತ್ತು. ಮರೈಕೆ ಹಿಂದಿನ ಸಂಜೆ ಕುಳಿತು ಯಂತ್ರಕ್ಕೆ ನಮ್ಮ ರೀತಿ ಕಲಿಸಿಬಿಟ್ಟಿದ್ದಳು. “ಹೌದ್ರಿ, ಹೊತ್ತಾತು,” ಎಂದಿತು ಡಬ್ಬಿ, ವಾರ್ತೆ ಓದುವ ದನಿಯಲ್ಲಿ. “ಹುಲಿಗಳಿಗೆ ಜಯ.” ಬಿಳಿ ತುಂಬಿದ್ದ ಪಟ್ಟಿ ಒಮ್ಮೆಲೇ ಕೆಂಪಾಯಿತು. ಸಭೆ ಗಲಿಬಿಲಿಯಾಯಿತು. ಮರೈಕೆ ಓಡಿಬಂದು, ನೀವು ಗೆಲ್ಲುತ್ತಿದ್ದಿರಿ, ತಪ್ಪಿ ಹೇಳಿದಿರಾ, ಸರಿಪಡಿಸಲೇ ಎಂದು ಕೇಳಿದಳು. ತಪ್ಪಿ ಹೇಳಿಲ್ಲ ಎಂದೆ.

ಗದ್ದಲಕ್ಕೆ ಬೀಗರು ಹಿಂತಿರುಗಿ ಪರದೆ ನೋಡಿದರು. ಆಮೇಲೆ ಹಲಗೆ ನೋಡಿದರು. ಬೆರಳಿನಿಂದ ಒಂದೊಂದೇ ದಾರಿ ಮುಟ್ಟಿ ನೋಡಿ, ಎಲ್ಲ ಮುಚ್ಚಿದ್ದನ್ನು ಕಂಡರು.

“ಆ ಮಾತು ನಾ ಆಡೂದಿತ್ರಿ,” ಎಂದರು. “ನೀವ್ಯಾಕ ಆಡಿದ್ರಿ?”

ಅವರು ಕೋಟಿನ ಮೈಕನ್ನು ಎರಡು ಬೆರಳಿನಿಂದ ಹಿಡಿದು ಬಾಯಿಯ ಹತ್ತಿರ ತಂದುಕೊಂಡರು. “ಗಿರಿಜಾ, ಕೇಳಾಕತ್ತೀ ಏನವಾ? ನಿಮ್ಮಪ್ಪ ಗೆದ್ದಾರ. ನಾ ಸೋತೇನಿ. ಮನ್ಯಾಗ ಎಲ್ಲಾರಿಗೂ ಹೇಳು.” ಆಮೇಲೆ ಮೈಕು ಬಿಟ್ಟು, ನನಗಷ್ಟೇ ಕೇಳುವಂತೆ, “ಅವತ್ತ ನನ್ನ ನಾಲಿಗಿ ಹರೀತ್ರಿ ಬೀಗರ. ಹೆಂಗ ಹೇಳಬೇಕು ತಿಳೀಲಾರದ ಕುಂತಿದ್ದೆ,” ಅಂದರು.

ಡಬ್ಬಿ ನಡುವೆ ಬಾಯಿ ಹಾಕಿ, “ಆಟ ಈಗಾಗಲೇ ಮುಗಿದಿದೆ,” ಎಂದಿತು. ನಾವಿಬ್ಬರೂ ನಕ್ಕುಬಿಟ್ಟೆವು. ಯಾಕೆ ನಗುತ್ತಿದ್ದೇವೆಂದು ತಿಳಿಯದಿದ್ದರೂ ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿತ್ತು. ಕನ್ನಡಕ ಒರೆಸುವ ನೆಪ ಮಾಡಿದೆ.

ಅವರ ದಾಖಲೆಯಲ್ಲಿ ಇವತ್ತಿಗೂ ಆ ಆಟ ಹುಲಿ ಗೆದ್ದದ್ದೆಂದೇ ಇದೆ. ತಿದ್ದಬೇಕೆಂದು ಮರೈಕೆ ಬರೆದಳು. ಇರಲಿ ಬಿಡಮ್ಮ ಎಂದು ಬರೆದಿದ್ದೇನೆ. ಬೇಡ ಎಂದರೆ ಬೇಡ ಎಂದೇ ತಿಳಿಯುವವಳು, ಮತ್ತೆ ಕೇಳಿಲ್ಲ.

ರಾಣೆಬೆನ್ನೂರು ಸ್ಟೇಷನ್

ಬೆಂಗಳೂರಿನಿಂದ ರೈಲಿನಲ್ಲಿ ಬಂದೆವು. ಬೀಗರದು ರಾಣೆಬೆನ್ನೂರಿಗೆ ಟಿಕೆಟ್ಟು, ನನ್ನದು ಅದರ ಮುಂದಿನ ಬ್ಯಾಡಗಿಗೆ. ದಾರಿಯುದ್ದಕ್ಕೂ ಯಂತ್ರ ಆಡಿದ ಆಟವನ್ನೇ ಬಿಚ್ಚಿ ಬಿಚ್ಚಿ ಮಾತಾಡಿದೆವು. ಹರಿಹರ ದಾಟಿದ ಮೇಲೆ ಬೀಗರು ಮೇಲಿನಿಂದ ತಮ್ಮ ಚೀಲ ಇಳಿಸಿದರು. ಏನೂ ಕೇಳದೆ ನನ್ನದನ್ನೂ ಇಳಿಸಿ ಬಾಗಿಲ ಹತ್ತಿರ ಇಟ್ಟರು.

ಸ್ಟೇಷನ್ನಿನ ಫಲಾಟಿನ ಮೇಲೆ ಗಿರಿಜಾ ನಿಂತಿದ್ದಳು, ಕಂಕುಳಲ್ಲಿ ಮಗು. ಮಾವನವರ ಹಿಂದೆ ನಾನು ಇಳಿದದ್ದು ನೋಡಿ ಅವಳಿಗೆ ಗಾಬರಿ. ಊರು ಮರೆತು ಇಳಿದೆನೆಂದು ತಿಳಿದಳೋ ಏನೋ.

“ಅಪ್ಪಾ, ಬ್ಯಾಡಗಿ ಇನ್ನೂ ಮುಂದ ಐತಿ,” ಅಂದಳು.

“ಗೊತ್ತೈತಿ,” ಅಂದೆ. “ಹುಡುಗನ್ನ ಇತ್ತ ಕೊಡು, ಚೀಲ ನೀ ಹಿಡಿ.”